ಜೇಬಿನ ಹಿಂದಿನ ಕಲೆ

2022ರ ಮಾರ್ಚ್ ತಿಂಗಳು. ನನ್ನ ಹೆಂಡತಿ ಒಗೆಯುವ ಕಲ್ಲಿನ ಹತ್ತಿರದಿಂದ ನನ್ನ ಬಿಳಿ ಅಂಗಿ ಹಿಡಿದುಕೊಂಡು ಒಳಗೆ ಬಂದಳು. ‘ರೀ, ಜೇಬಲ್ಲಿ ಏನಿಟ್ಕೊಂಡಿದ್ರಿ? ಎಷ್ಟು ಉಜ್ಜಿದರೂ ಈ ಕಲೆ ಹೋಗ್ತಾನೇ ಇಲ್ಲ’ ಅಂದಳು. ಎಡಗಡೆ ಜೇಬಿನ ಹಿಂದೆ ರಾಗಿ ಕಾಳಿನಷ್ಟು ಕಂದು ಕಲೆ. ನಾನು ಟೈಲರ್. ಕೆಲಸ ಮಾಡುವಾಗ ಗುಂಡುಪಿನ್ನುಗಳನ್ನು ಅಂಗಿ ಎದೆಗೇ ಚುಚ್ಚಿಕೊಳ್ಳುವುದು ರೂಢಿ. ಪಿನ್ನು ತಾಗಿ ಒಂದು ತೊಟ್ಟು ರಕ್ತ ಬಂದಿರಬೇಕು ಅಂದೆ. ಅವಳೂ ಸುಮ್ಮನಾದಳು.

ಆದರೆ ಬನಿಯನ್ ಮೇಲೂ ಅದೇ ಜಾಗದಲ್ಲಿ ಕಲೆ ಇತ್ತು. ಅದು ಅಂಗಿಯ ಕಲೆಗಿಂತ ದೊಡ್ಡದು. ಅಂದರೆ ಕಲೆ ಒಳಗಿನಿಂದ ಹೊರಗೆ ಬಂದಿದೆ, ಹೊರಗಿನಿಂದ ಒಳಗೆ ಹೋಗಿಲ್ಲ. 35 ವರ್ಷ ಬಟ್ಟೆ ನೋಡಿದವನಿಗೆ ಅಷ್ಟು ಗೊತ್ತಾಗಬೇಕಿತ್ತು. ಗೊತ್ತೂ ಆಯಿತು. ಆದರೂ ಪಿನ್ನಿನ ಕಥೆಯನ್ನೇ ನಂಬಿಕೊಂಡೆ.

ತಿಪಟೂರಿನಲ್ಲಿ ನಮ್ಮದು ಸಣ್ಣ ಅಂಗಡಿ. ಗಂಡಸರ ಬಟ್ಟೆ ಮಾತ್ರ. ಆಗ ಮದುವೆ ಸೀಸನ್ ಬೇರೆ. ಏಪ್ರಿಲ್‌ನಲ್ಲಿ ಒಂದು ದಿನ ಸ್ನಾನ ಮಾಡುವಾಗ ಎಡ ಮೊಲೆತೊಟ್ಟಿನ ಹಿಂದೆ, ಸ್ವಲ್ಪ ಕಂಕುಳ ಕಡೆಗೆ, ಒಂದು ಗಂಟು ಕೈಗೆ ಸಿಕ್ಕಿತು. ಅಂಗಿ ಗುಂಡಿಯಷ್ಟು. ಒಣಗಿದ ಕೊಬ್ಬರಿ ಚೂರಿನ ಹಾಗೆ ಗಟ್ಟಿ. ಒತ್ತಿದರೆ ನೋವಿಲ್ಲ. ನೋವಿಲ್ಲ ಅಂದಮೇಲೆ ಏನೂ ಇಲ್ಲ ಅಂದುಕೊಂಡೆ. ನಮ್ಮಲ್ಲಿ ಎಲ್ಲರೂ ಹಾಗೇ ಅಂದುಕೊಳ್ಳುವುದು. ಈ ಕಾಯಿಲೆಯಲ್ಲಿ ಶುರುವಿನಲ್ಲಿ ನೋವು ಇರುವುದೇ ಕಡಿಮೆ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.

ಜೂನ್ ಹೊತ್ತಿಗೆ ತೊಟ್ಟು ಒಳಗೆ ಸರಿಯತೊಡಗಿತು. ಹೊಲಿಯುವಾಗ ದಾರ ಬಿಗಿಯಾದರೆ ಆ ಜಾಗದಲ್ಲಿ ಬಟ್ಟೆ ಸುಕ್ಕುಗಟ್ಟಿ ಒಳಗೆ ಎಳೆದುಕೊಳ್ಳುತ್ತಲ್ಲ, ಹಾಗೆ. ಆಗ ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ಬನಿಯನ್ ಮೇಲಿಂದಲೇ ಮುಟ್ಟಿ ನೋಡಿದರು. ‘ಕೊಬ್ಬಿನ ಗಂಟು, ಈ ವಯಸ್ಸಿಗೆ ಬರುತ್ತೆ’ ಅಂತ ಐದು ದಿನದ ಮಾತ್ರೆ, ಒಂದು ಮುಲಾಮು ಕೊಟ್ಟರು. ನಾನು ಕಲೆಯ ವಿಷಯ ಹೇಳಲಿಲ್ಲ. ಅವರು ಕೇಳಲೂ ಇಲ್ಲ. ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಬಂದಿತ್ತಾ ಅಂತಲೂ ಕೇಳಲಿಲ್ಲ.

ಬಂದಿತ್ತು. ನನ್ನ ಅಕ್ಕನಿಗೆ. 2009ರಲ್ಲಿ, 46ನೇ ವಯಸ್ಸಿಗೆ, ಸ್ತನ ಕ್ಯಾನ್ಸರ್‌ನಿಂದಲೇ ಹೋದಳು. ಕೊನೆಯ ಎರಡು ತಿಂಗಳು ನಮ್ಮ ಮನೆಯಲ್ಲೇ ಇದ್ದಳು. ಅವಳ ಗಡ್ಡೆ ಹೇಗಿತ್ತು, ಹೇಗೆ ಒಡೆಯಿತು ಎಲ್ಲವನ್ನೂ ಹತ್ತಿರದಿಂದ ನೋಡಿದ್ದೇನೆ. ಅಷ್ಟು ನೋಡಿದವನಿಗೂ ನನ್ನ ಎದೆಯ ಗಂಟು ಅದೇ ಇರಬಹುದು ಅಂತ ಒಂದು ಕ್ಷಣವೂ ಹೊಳೆಯಲಿಲ್ಲ. ಅದು ಹೆಂಗಸರ ಕಾಯಿಲೆ. ನಾನು ಗಂಡಸು. ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ. ಇದರಿಂದ ಒಟ್ಟು ಎಂಟು ತಿಂಗಳು ಹೋಯಿತು.

ಅಕ್ಟೋಬರ್ ಕೊನೆಗೆ ಕಂಕುಳಲ್ಲಿ ಇನ್ನೊಂದು ಗಂಟು ಬಂತು. ಹೆಂಡತಿ ಅವತ್ತು ಅಂಗಡಿಗೇ ಬಂದು ಮೆಷಿನ್ ಪಕ್ಕ ನಿಂತಳು. ‘ಅಕ್ಕನಿಗೂ ಆಮೇಲೆ ಕಂಕುಳಲ್ಲೇ ಬಂದಿದ್ದು. ನನಗೆ ಜ್ಞಾಪಕ ಇದೆ. ಏಳಿ’ ಅಂದಳು. ಆ ಮಾತನ್ನು ಬಾಯಿಬಿಟ್ಟು ಹೇಳಿದವಳು ಅವಳೊಬ್ಬಳೇ.

ಸರ್ಕಾರಿ ಆಸ್ಪತ್ರೆಯಲ್ಲಿ ವಯಸ್ಸಿನಲ್ಲಿ ಚಿಕ್ಕವರಾದ ಸರ್ಜನ್ ಇದ್ದರು. ಅಂಗಿ, ಬನಿಯನ್ ಎರಡೂ ತೆಗೆಸಿ, ಎರಡೂ ಕಡೆ ಮುಟ್ಟಿ, ಕಂಕುಳು, ಕತ್ತಿನ ಬುಡ ನೋಡಿದರು. ಆಮೇಲೆ ಕೂರಿಸಿ ನಿಧಾನವಾಗಿ ಹೇಳಿದರು. ‘ನೋಡಿ ಯಜಮಾನ್ರೇ, ಗಂಡಸರಿಗೂ ಎದೆಯಲ್ಲಿ ಸ್ವಲ್ಪ ಸ್ತನದ ಮಾಂಸ ಇರುತ್ತೆ. ಚಿಕ್ಕ ಮಕ್ಕಳಲ್ಲಿ ಹೆಣ್ಣು ಗಂಡು ಇಬ್ಬರಿಗೂ ಒಂದೇ ಥರ. ಹುಡುಗಿಯರಿಗೆ ದೊಡ್ಡದಾಗುತ್ತೆ, ಹುಡುಗರಿಗೆ ಹಾಗೇ ಉಳಿಯುತ್ತೆ. ಉಳಿದಿರುವ ಕಡೆ ಕ್ಯಾನ್ಸರ್ ಬರಬಹುದು. ಅಪರೂಪ, ಆದರೆ ಬರುತ್ತೆ.’ ಸ್ತನ ಕ್ಯಾನ್ಸರ್ ಬಂದ 100 ಜನರಲ್ಲಿ ಹೆಚ್ಚುಕಮ್ಮಿ ಒಬ್ಬರು ಗಂಡಸರಂತೆ. ಅದೂ ಜಾಸ್ತಿ 60ರ ಆಸುಪಾಸಿನಲ್ಲಿ. ನನಗೆ ಆಗ 57.

ಗಂಡಸರ ಎದೆಯಲ್ಲಿ ಬರುವ ಊತ ಎಲ್ಲವೂ ಕ್ಯಾನ್ಸರ್ ಅಲ್ಲ ಅಂತಲೂ ಅವರು ಹೇಳಿದರು. ಹರೆಯದ ಹುಡುಗರಿಗೆ, ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ, ಲಿವರ್ ಕೆಟ್ಟವರಿಗೆ ಎದೆ ದಪ್ಪವಾಗುತ್ತೆ. ಅದು ಸಾಮಾನ್ಯವಾಗಿ ತೊಟ್ಟಿನ ಸುತ್ತ ಸಮವಾಗಿ, ರಬ್ಬರಿನ ಹಾಗೆ ಇರುತ್ತೆ. ಎಷ್ಟೋ ಸಲ ಎರಡೂ ಕಡೆ ಇರುತ್ತೆ, ಮುಟ್ಟಿದರೆ ನೋಯುತ್ತೆ. ಒಂದೇ ಕಡೆ, ಗಟ್ಟಿಯಾಗಿ, ನೋವಿಲ್ಲದೆ ಇದ್ದರೆ, ತೊಟ್ಟು ಒಳಗೆ ಹೋದರೆ, ರಕ್ತ ಬಂದರೆ, ಚರ್ಮ ಹುಣ್ಣಾದರೆ ತಡಮಾಡಬಾರದು. ನನಗೆ ಹುಣ್ಣೊಂದು ಬಿಟ್ಟು ಮಿಕ್ಕಿದ್ದೆಲ್ಲ ಇತ್ತು.

ಪರೀಕ್ಷೆಗೆ ಅಂತ ಹೋದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ನಡೆದದ್ದನ್ನು ಹೇಳಲೇಬೇಕು. ಕೌಂಟರಿನಲ್ಲಿದ್ದ ಹುಡುಗಿ ಚೀಟಿ ನೋಡಿ ನನ್ನ ಹೆಂಡತಿ ಕಡೆ ತಿರುಗಿ ‘ಬನ್ನಿ ಅಮ್ಮ’ ಅಂದಳು. ಇವಳು ನನ್ನನ್ನು ತೋರಿಸಿದಳು. ಆ ಹುಡುಗಿ ಚೀಟಿಯಲ್ಲೇ ತಪ್ಪಿರಬೇಕು ಅಂತ ಫೋನ್ ಮಾಡಿ ಕೇಳಿದಳು. ಕಾಯುತ್ತಿದ್ದವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ತುಂಬಿಸಲು ಕೊಟ್ಟ ಫಾರಂನಲ್ಲಿ ಮುಟ್ಟು ನಿಂತು ಎಷ್ಟು ವರ್ಷ, ಹೆರಿಗೆ ಎಷ್ಟು, ಹಾಲು ಕುಡಿಸಿದ್ದೀರಾ ಅಂತೆಲ್ಲ ಇತ್ತು. ಒಂದೊಂದರ ಮುಂದೂ ಗೆರೆ ಎಳೆದೆ. ಹಾಕಿಕೊಳ್ಳಲು ಕೊಟ್ಟದ್ದು ಗುಲಾಬಿ ಬಣ್ಣದ ಗೌನು, ಭುಜಕ್ಕೆ ಬಿಗಿ. ಅವತ್ತು ಅಲ್ಲಿಂದ ಎದ್ದು ಬಂದುಬಿಡೋಣ ಅನ್ನಿಸಿತ್ತು. ಹೆಂಡತಿ ಜೊತೆಗಿಲ್ಲದಿದ್ದರೆ ಬಂದೇಬಿಡುತ್ತಿದ್ದೆ. ಹಾಗೆ ಎದ್ದು ಬಂದವರು ಎಷ್ಟು ಜನ ಇದ್ದಾರೋ ಅಂತ ಈಗಲೂ ಯೋಚನೆ ಬರುತ್ತದೆ. ಆ ಫಾರಂನಲ್ಲಿ ಗಂಡಸರಿಗೆ ಅಂತ ನಾಲ್ಕು ಸಾಲು ಸೇರಿಸುವುದು ಏನು ದೊಡ್ಡ ಕೆಲಸ ಹೇಳಿ.

ಮ್ಯಾಮೊಗ್ರಾಂ ಗಂಡಸರಿಗೂ ಮಾಡುತ್ತಾರೆ. ಇರುವ ಸ್ವಲ್ಪ ಮಾಂಸವನ್ನೇ ಎರಡು ಹಲಗೆ ಮಧ್ಯೆ ಎಳೆದು ಒತ್ತುತ್ತಾರೆ. ಒಂದು ನಿಮಿಷ ನೋವು, ಅಷ್ಟೇ. ಆಮೇಲೆ ಬಯಾಪ್ಸಿ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ದಪ್ಪ ಸೂಜಿ ಹಾಕಿ, ಸ್ಟೇಪ್ಲರ್ ಹೊಡೆದ ಹಾಗೆ ಟಪ್ ಅನ್ನಿಸಿ ಗಡ್ಡೆಯ ಎಳೆ ತೆಗೆಯುತ್ತಾರೆ. ನನಗೆ ನಾಲ್ಕು ಸಲ ಹೊಡೆದರು. ಬಾಟಲಿಯ ನೀರಿನಲ್ಲಿ ಬಿಳಿ ದಾರದ ತುಂಡುಗಳ ಹಾಗೆ ಅವು ತೇಲುತ್ತಿದ್ದವು. ನವೆಂಬರ್‌ನಲ್ಲಿ ರಿಪೋರ್ಟ್ ಬಂತು. ಕ್ಯಾನ್ಸರ್ ಹೌದು. ಈಸ್ಟ್ರೊಜೆನ್ ಹಾರ್ಮೋನಿನಿಂದ ಬೆಳೆಯುವ ಜಾತಿಯದು. ಗಂಡಸರಲ್ಲಿ ಹತ್ತಕ್ಕೆ ಒಂಬತ್ತು ಇದೇ ಜಾತಿಯಂತೆ. ಈಸ್ಟ್ರೊಜೆನ್ ಅಂದರೆ ಹೆಂಗಸರದ್ದು ಅಂದುಕೊಂಡಿದ್ದೆ. ನಮ್ಮ ಮೈಯಲ್ಲೂ ಸ್ವಲ್ಪ ಇರುತ್ತೆ ಅಂತ ಗೊತ್ತಾದದ್ದು ಆಗಲೇ.

ಅಲ್ಲಿಂದ ಚೀಟಿ ಬರೆಸಿಕೊಂಡು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋದೆವು. ನಮ್ಮದು ಬಿಪಿಎಲ್ ಕಾರ್ಡು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ ಒಂದು ಕುಟುಂಬಕ್ಕೆ 5 ಲಕ್ಷದ ತನಕ ಚಿಕಿತ್ಸೆ ಸಿಗುತ್ತದೆ. ಸರ್ಕಾರಿ ಆಸ್ಪತ್ರೆಯ ಚೀಟಿ, ರೇಷನ್ ಕಾರ್ಡು, ಆಧಾರ್ ಮೂರನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಮಗಳು ಜೋಪಾನ ಮಾಡಿದ್ದಳು. ಹೋಗುವವರು ಎಲ್ಲದರ ಜೆರಾಕ್ಸ್ ನಾಲ್ಕೈದು ಪ್ರತಿ ಮೊದಲೇ ಮಾಡಿಸಿಕೊಂಡಿದ್ದರೆ ಓಡಾಟ ಉಳಿಯುತ್ತದೆ.

ಹೊರಗೆ ಬೆಂಚಿನಲ್ಲಿ ಕೂತವರೆಲ್ಲ ಹೆಂಗಸರು. ನಾನು ಗೋಡೆಗೆ ಒರಗಿ ನಿಂತಿದ್ದೆ. ರಾಯಚೂರು ಕಡೆಯ ವಯಸ್ಸಾದ ಅಮ್ಮ ಒಬ್ಬರು, ತಲೆಗೂದಲು ಪೂರ್ತಿ ಉದುರಿತ್ತು, ಸೆರಗು ಹೊದ್ದಿದ್ದರು. ಹೆಂಡತಿಯ ಜೊತೆ ಬಂದಿದ್ದೇನೆ ಅಂದುಕೊಂಡು ‘ಯಾರಿಗಪ್ಪಾ?’ ಅಂದರು. ನನಗೇ ಅಂದೆ. ಅವರು ನಗಲಿಲ್ಲ, ಬೆಚ್ಚಲೂ ಇಲ್ಲ. ಪಕ್ಕಕ್ಕೆ ಸರಿದು ‘ಬಾ, ಕುಂದ್ರು. ನಿನಗೂ ಬಂದೈತೇನು’ ಅಂತ ಜಾಗ ಬಿಟ್ಟರು. ಅಲ್ಲಿಯ ತನಕ ನನಗೆ ಬಂದಿರುವ ಕಾಯಿಲೆಯ ಹೆಸರನ್ನು ಹೊರಗಿನವರ ಮುಂದೆ ನಾನು ಹೇಳಿರಲೇ ಇಲ್ಲ.

ಯಾಕೆಂದರೆ ಊರಲ್ಲಿ ‘ಎದೆಯಲ್ಲಿ ಗಡ್ಡೆ’ ಅಂತಷ್ಟೇ ಹೇಳಿದ್ದೆ. ಕೇಳಿದವರು ಹಾರ್ಟು ಅಂದುಕೊಂಡರು, ಶ್ವಾಸಕೋಶ ಅಂದುಕೊಂಡರು. ಒಬ್ಬರು ಬೀಡಿ ಬಿಡಿ ಅಂದರು. ನಾನು ಬೀಡಿ ಸೇದಿದವನೇ ಅಲ್ಲ. ಆದರೂ ಹೂಂ ಅಂದೆ. ನಮ್ಮ ಮಾತಿನಲ್ಲಿ ಗಂಡಸಿಗೆ ಇರುವುದು ಎದೆ, ಹೆಂಗಸಿಗೆ ಇರುವುದು ಸ್ತನ. ಗಂಡಸಿಗೆ ಸ್ತನ ಕ್ಯಾನ್ಸರ್ ಅನ್ನೋಕೆ ನಾಲಿಗೆಯೇ ಹೊರಳುವುದಿಲ್ಲ. ಹೇಳೋಕೆ ಮಾತಿಲ್ಲದ ಕಾಯಿಲೆಯನ್ನು ಡಾಕ್ಟರ ಹತ್ತಿರ ಹೇಗೆ ತೆಗೆದುಕೊಂಡು ಹೋಗುವುದು? ನಾನು ಎಂಟು ತಿಂಗಳು ಕಳೆದದ್ದು ಧೈರ್ಯ ಇಲ್ಲದೆ ಅಲ್ಲ. ಇಂಥದ್ದೊಂದು ಇದೆ ಅನ್ನುವುದೇ ಕಿವಿಗೆ ಬಿದ್ದಿರಲಿಲ್ಲ.

ಆ ಬೆಂಚಿನ ಮೇಲೆ ಕೂತಿದ್ದಾಗಲೇ ಮಗಳು ಮೊಬೈಲ್‌ನಲ್ಲಿ ಹುಡುಕಿ ಓದಿ ಹೇಳಿದಳು. ಅಮೆರಿಕದ ಹಾಡುಗಾರ್ತಿ ಬಿಯಾನ್ಸೆ ಅವರ ತಂದೆ ಮ್ಯಾಥ್ಯೂ ನೋಲ್ಸ್‌ಗೂ ಇದೇ ಬಂದಿತ್ತು. 2019ರಲ್ಲಿ ಅವರು ಟಿವಿಯಲ್ಲಿ ಕೂತು ಎಲ್ಲರಿಗೂ ಹೇಳಿದರು. ಅವರಿಗೂ ಮೊದಲು ಗೊತ್ತಾದದ್ದು ಬಟ್ಟೆಯ ಮೇಲಿನ ರಕ್ತದ ಚುಕ್ಕೆಯಿಂದ. ಅದನ್ನು ಕೇಳಿದಾಗ ನನಗೆ ಮೈ ಜುಂ ಅಂದಿತು. ಅಷ್ಟು ದೂರದ ಮನುಷ್ಯ, ಅಷ್ಟು ದೊಡ್ಡ ಹೆಸರು. ಕಲೆ ಒಂದೇ.

ಡಿಸೆಂಬರ್‌ನಲ್ಲಿ ಆಪರೇಷನ್ ಆಯಿತು. ತೊಟ್ಟು, ಅದರ ಹಿಂದಿನ ಮಾಂಸ ಎಲ್ಲ ತೆಗೆದು, ಕಂಕುಳಲ್ಲಿ ಎಲ್ಲರಿಗೂ ಇರುವ ಸಣ್ಣ ಗ್ರಂಥಿಗಳನ್ನೂ ತೆಗೆದರು. ಗಡ್ಡೆ 2.6 ಸೆಂಟಿಮೀಟರ್. ಕಂಕುಳಿನಿಂದ ತೆಗೆದ 14 ಗ್ರಂಥಿಗಳಲ್ಲಿ ಎರಡರಲ್ಲಿ ಕ್ಯಾನ್ಸರ್ ಇತ್ತು. ಬೇಗ ಬಂದಿದ್ದರೆ ಆ ಎರಡರಲ್ಲೂ ಇರುತ್ತಿರಲಿಲ್ಲವೇನೋ.

ಪಟ್ಟಿ ಬಿಚ್ಚಿದ ದಿನ ಕನ್ನಡಿಯಲ್ಲಿ ನೋಡಿಕೊಂಡೆ. ಎದೆಮೂಳೆಯಿಂದ ಕಂಕುಳ ತನಕ ಓರೆಯಾಗಿ ಒಂದು ಗೆರೆ. ಮೇಲೆ ಎಲ್ಲೂ ಹೊಲಿಗೆ ಕಾಣುವುದಿಲ್ಲ. ಒಳಗಿನಿಂದಲೇ ಹೊಲಿದಿದ್ದಾರೆ. ಪ್ಯಾಂಟಿನ ಕಾಲಂಚಿಗೆ ನಾವು ಕೈಯಲ್ಲಿ ಹಾಕುವ ಕಾಣದ ಹೊಲಿಗೆಯ ಥರ. ಗೆರೆ ಎಲ್ಲೂ ಸೊಟ್ಟ ಇಲ್ಲ, ಎಲ್ಲೂ ಎಳೆದಿಲ್ಲ. ತುಂಬ ಹೊತ್ತು ನೋಡಿದೆ. ಹೊಲಿದವರ ಕೈಗೆ ಮನಸ್ಸಿನಲ್ಲೇ ನಮಸ್ಕಾರ ಮಾಡಿದೆ.

ಆಪರೇಷನ್ ಆದಮೇಲೆ ಗಾಯದ ನೀರು ಇಳಿಯಲು ಒಂದು ಕೊಳವೆ, ಅದರ ತುದಿಗೆ ಬಾಟಲಿ ಇಟ್ಟಿರುತ್ತಾರೆ. ನನಗೆ 11 ದಿನ ಇತ್ತು. ಎಲ್ಲಿ ಹೋದರೂ ಅದನ್ನು ಕೈಯಲ್ಲೇ ಹಿಡಿದುಕೊಳ್ಳಬೇಕು. ಜಾರಿದರೆ ಕೊಳವೆ ಜಗ್ಗಿ ಜೀವ ಹೋದ ಹಾಗಾಗುತ್ತದೆ. ವಾರ್ಡಿನಲ್ಲಿ ಹೆಂಗಸರು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಓಡಾಡುತ್ತಿದ್ದರು. ಮನೆಗೆ ಬಂದ ಮೂರನೇ ದಿನ ಮಗಳಿಂದ ಮೆಷಿನ್ ತುಳಿಸಿ, ನಾನು ಪಕ್ಕದಲ್ಲಿ ಕೂತು ಅಳತೆ ಹೇಳಿ, ಒಂದು ಕಾಟನ್ ಚೀಲ ಹೊಲಿಸಿದೆ. ಕುತ್ತಿಗೆಗೆ ಹಾಕಿಕೊಳ್ಳುವ ಅಗಲದ ಪಟ್ಟಿ, ಬಾಟಲಿ ನೇರ ನಿಲ್ಲುವಷ್ಟು ಆಳ, ಕೊಳವೆಗೆ ಪಕ್ಕದಲ್ಲಿ ಸೀಳು. ಆಮೇಲೆ ಚೆಕಪ್‌ಗೆ ಹೋಗುವಾಗಲೆಲ್ಲ ಅಂಗಡಿಯಲ್ಲಿ ಉಳಿದ ತುಂಡು ಬಟ್ಟೆಯಲ್ಲಿ ಹತ್ತಿಪ್ಪತ್ತು ಚೀಲ ಹೊಲಿದುಕೊಂಡು ಹೋಗುತ್ತೇನೆ. ಈ ಚೀಲ ಯಾರಾದರೂ ಹೊಲಿಯಬಹುದು, ಕಷ್ಟವೇನಿಲ್ಲ.

ಕೀಮೋ 2023ರ ಜನವರಿಯಿಂದ. ಮೊದಲು ನಾಲ್ಕು ಸಲ ಕೆಂಪು ಔಷಧಿ, 21 ದಿನಕ್ಕೊಮ್ಮೆ. ಮೂತ್ರವೂ ಕೆಂಪಾಗುತ್ತದೆ, ಮೊದಲೇ ಹೇಳಿರುತ್ತಾರೆ, ಹೆದರಬಾರದು. ಕೂದಲು, ಮೀಸೆ, ಹುಬ್ಬು ಎಲ್ಲ ಹೋಯಿತು. ಕನ್ನಡಿಯಲ್ಲಿ ನಮ್ಮಪ್ಪನ ಮುಖ ಕಾಣಿಸಿತು, ಅವರು ಕೊನೆಗಾಲದಲ್ಲಿ ಇದ್ದ ಹಾಗೆ. ಆಮೇಲೆ ವಾರಕ್ಕೊಂದು ಅಂತ 12 ಸಲ ಇನ್ನೊಂದು ಔಷಧಿ. ಅದರಲ್ಲಿ ವಾಂತಿ ಕಡಿಮೆ. ಆದರೆ ಬೆರಳ ತುದಿಗಳು ಜೋಮು ಹಿಡಿದವು. ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಟೆರಿಕಾಟ್ ಯಾವುದು ಕಾಟನ್ ಯಾವುದು ಅಂತ ಕಣ್ಣು ಮುಚ್ಚಿ ಹೇಳುತ್ತಿದ್ದ ಬೆರಳುಗಳು ಅವು. ಒಂದು ಸಂಜೆ ಅಂಗಡಿಯಲ್ಲಿ ಒಬ್ಬನೇ ಕೂತು ಒಂದು ಕಾಜಾ ಮಾಡಲು ಮುಕ್ಕಾಲು ಗಂಟೆ ಹೆಣಗಾಡಿದೆ. ಆಗಲಿಲ್ಲ. ಕಾಯಿಲೆ ಬಂದಾಗಿನಿಂದ ನಾನು ಅತ್ತದ್ದು ಅವತ್ತೊಂದೇ ದಿನ. ಜೋಮು ಬಿಡಲು ವರ್ಷದ ಮೇಲೆ ಹಿಡಿಯಿತು. ಎಡಗೈ ಕಿರುಬೆರಳು ಈಗಲೂ ಪೂರ್ತಿ ಬಂದಿಲ್ಲ.

ರೇಡಿಯೇಷನ್ 15 ದಿನ, ಬೆಂಗಳೂರಿನಲ್ಲಿ ತಂಗಿ ಮನೆಯಲ್ಲಿದ್ದುಕೊಂಡು ಮುಗಿಸಿದೆ. ಆಗಿನಿಂದ ದಿನಕ್ಕೊಂದು ಟಾಮೊಕ್ಸಿಫೆನ್, 20 ಎಂಜಿ ಮಾತ್ರೆ. ಕಡಿಮೆ ಅಂದರೂ ಐದು ವರ್ಷ. ಹೆಂಗಸರಿಗೆ ಕೊಡುವ ಮಾತ್ರೆಯೇ ಇದು. ಇದ್ದಕ್ಕಿದ್ದ ಹಾಗೆ ಕುತ್ತಿಗೆಯಿಂದ ಮೇಲೆ ಬೆಂಕಿ ಬಿದ್ದ ಹಾಗೆ ಸೆಕೆ, ಬೆವರು. ಫ್ಯಾನ್ ಕೆಳಗೂ ಅಂಗಿ ಒದ್ದೆ. ಹೆಂಡತಿ ಬೀಸಣಿಗೆ ತಂದು ಬೀಸುತ್ತ ‘ಮುಟ್ಟು ನಿಲ್ಲುವಾಗ ನನಗೂ ಹೀಗೇ ಆಗ್ತಿತ್ತು. ನಿಮಗೆ ಹೇಳಿರಲಿಲ್ಲ’ ಅಂದಳು. ಮೂವತ್ತು ವರ್ಷ ಸಂಸಾರ ಮಾಡಿದ್ದೇವೆ. ಅವಳಿಗೆ ಅಷ್ಟು ಕಷ್ಟ ಆಗಿತ್ತು ಅಂತ ನನಗೆ ಗೊತ್ತೇ ಇರಲಿಲ್ಲ. ಆಸೆ ಕಡಿಮೆಯಾಗುವುದು, ಕಾಲಲ್ಲಿ ರಕ್ತ ಹೆಪ್ಪುಗಟ್ಟುವುದು ಕೂಡ ಈ ಮಾತ್ರೆಯಿಂದ ಆಗಬಹುದು. ಇಂಥದ್ದೆಲ್ಲ ತಾಳಲಾರದೆ ಯಾರಿಗೂ ಹೇಳದೆ ಎಷ್ಟೋ ಗಂಡಸರು ಮಾತ್ರೆ ಬಿಟ್ಟುಬಿಡುತ್ತಾರಂತೆ. ಬಿಡಬೇಡಿ. ಸಂಕೋಚ ಬಿಟ್ಟು ಡಾಕ್ಟರಿಗೆ ಹೇಳಿ.

ಅಕ್ಕನ ವಿಷಯ ಗೊತ್ತಾದಮೇಲೆ ಜೀನ್ ಪರೀಕ್ಷೆಗೂ ರಕ್ತ ಕೊಡಿಸಿದರು. ಬಿಆರ್‌ಸಿಎ 2 ಅನ್ನುವ ಜೀನಿನಲ್ಲಿ ದೋಷ ಇದೆ ಅಂತ ಬಂತು. ಸಾಮಾನ್ಯ ಗಂಡಸರಲ್ಲಿ ಜೀವಮಾನದಲ್ಲಿ ಸಾವಿರಕ್ಕೆ ಒಬ್ಬರಿಗೆ ಈ ಕ್ಯಾನ್ಸರ್ ಬಂದರೆ, ಈ ದೋಷ ಇರುವವರಲ್ಲಿ ನೂರಕ್ಕೆ ಏಳು ಜನರಿಗೆ ಬರಬಹುದು. ಪ್ರಾಸ್ಟೇಟ್ ಕ್ಯಾನ್ಸರಿನ ಭಯವೂ ಜಾಸ್ತಿ. ಅಪ್ಪನಿಂದಲೂ ಬರುತ್ತದೆ, ಅಮ್ಮನಿಂದಲೂ ಬರುತ್ತದೆ. ನನ್ನಿಂದ ಪ್ರತಿ ಮಗುವಿಗೂ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಅದನ್ನು ಕೇಳಿ ಬಂದ ರಾತ್ರಿ ನಿದ್ದೆ ಹತ್ತಲಿಲ್ಲ. ಮಗಳು ತಾನೇ ಮುಂದೆ ಬಂದು ಪರೀಕ್ಷೆ ಮಾಡಿಸಿಕೊಂಡಳು. ಅವಳಿಗೆ ಇಲ್ಲ. ಮಗ ಇನ್ನೂ ಮಾಡಿಸಿಲ್ಲ. ‘ನಾನು ಗಂಡಸು ಅಲ್ವಾ ಅಪ್ಪ, ಅವಳಿಗೆ ಇಲ್ಲ ಅಂದಮೇಲೆ ಇನ್ನೇನು’ ಅಂದ. ಇಷ್ಟೆಲ್ಲ ಕಣ್ಣಾರೆ ನೋಡಿದ ಹುಡುಗನ ಬಾಯಲ್ಲೂ ಅದೇ ಮಾತು. ನಾನು ಬಿಟ್ಟಿಲ್ಲ, ಪ್ರತಿ ವಾರ ಕೇಳುತ್ತೇನೆ.

ಹೋದ ಅಕ್ಟೋಬರ್‌ನಲ್ಲಿ ನಮ್ಮೂರಲ್ಲಿ ಸ್ತನ ಕ್ಯಾನ್ಸರ್ ಜಾಗೃತಿ ನಡಿಗೆ ಇತ್ತು. ಗುಲಾಬಿ ಪಟ್ಟಿಗಳನ್ನು ಹೊಲಿಯಲು ನನ್ನ ಅಂಗಡಿಗೇ ಕೊಟ್ಟರು. ಕೊಡಲು ಬಂದವರಿಗೆ, ಎರಡು ನಿಮಿಷ ನಾನೂ ಮಾತಾಡಲಾ ಅಂದೆ. ಅವರು ಮುಖ ಮುಖ ನೋಡಿಕೊಂಡು ‘ಹೆಂಗಸರಿಗೆ ಮುಜುಗರ ಆಗುತ್ತೇನೋ ಮಾಸ್ಟ್ರೇ’ ಅಂದರು. ಗಂಡಸರಿಗಾಗಿಯೇ ಗುಲಾಬಿ ಜೊತೆ ನೀಲಿ ಸೇರಿಸಿದ ರಿಬ್ಬನ್ ಬೇರೆ ದೇಶದಲ್ಲಿ ಎಷ್ಟೋ ವರ್ಷದಿಂದ ಇದೆ ಅಂತ ಮಗಳು ಹೇಳಿದ್ದಳು. ಅವತ್ತು ರಾತ್ರಿ ಎಲ್ಲ ಪಟ್ಟಿಗಳ ಅಂಚಿಗೂ ಬೆರಳಗಲ ನೀಲಿ ಬಟ್ಟೆ ಕೂಡಿಸಿ ಹೊಲಿದೆ. ಹೆಚ್ಚಿನ ಕೂಲಿ ತೆಗೆದುಕೊಳ್ಳಲಿಲ್ಲ. ಬೆಳಗ್ಗೆ ಯಾಕೆ ನೀಲಿ ಅಂತ ಕೇಳಿದರು. ಹೇಳಿದೆ. ಮೈಕು ಕೊಟ್ಟರು. ಮುಜುಗರ ಪಟ್ಟವರು ಯಾರೂ ಕಾಣಲಿಲ್ಲ. ಹೆಂಗಸರೇ ಮುಂದೆ ಬಂದು, ನಮ್ಮ ಯಜಮಾನರಿಗೆ ಹೇಗೆ ನೋಡೋದು, ಎಲ್ಲಿ ಮುಟ್ಟಿ ನೋಡೋದು ಅಂತ ಕೇಳಿದರು.

ಈಗ ಅಂಗಡಿಯಲ್ಲಿ 50 ದಾಟಿದ ಗಿರಾಕಿ ಬಂದರೆ ಎದೆ ಅಳತೆ ಬರೆದುಕೊಂಡಮೇಲೆ ಒಂದು ಮಾತು ಹೇಳುತ್ತೇನೆ. ಸ್ನಾನ ಮಾಡುವಾಗ ಸೋಪು ಹಚ್ಚಿದ ಕೈಯಲ್ಲಿ ತಿಂಗಳಿಗೊಂದು ಸಲ ತೊಟ್ಟಿನ ಸುತ್ತ, ಕಂಕುಳಲ್ಲಿ ಮುಟ್ಟಿ ನೋಡಿಕೊಳ್ಳಿ ಅಂತ. ಕೆಲವರು ನಗುತ್ತಾರೆ. ಮೊನ್ನೆ ಹಾಗೆ ನಕ್ಕು ಹೋಗಿದ್ದ ಒಬ್ಬರು, ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವರು, ಒಂದು ವಾರ ಬಿಟ್ಟು ರಾತ್ರಿ ಎಂಟೂವರೆಗೆ ಬಂದರು. ಕೈಯಲ್ಲಿ ಬಟ್ಟೆ ಇರಲಿಲ್ಲ. ಸ್ವಲ್ಪ ಹೊತ್ತು ಕ್ಯಾಲೆಂಡರ್ ನೋಡುತ್ತ ನಿಂತರು. ‘ಮಾಸ್ಟ್ರೇ, ಶಟರ್ ಅರ್ಧ ಎಳೀತೀರಾ’ ಅಂದರು. ಎಳೆದೆ.

ಗಂಟು ಬಲಗಡೆ ಇದೆ. ಏನು ಅಂತ ನಾನು ಹೇಳಲಾರೆ, ಹೇಳಲೂ ಬಾರದು. ಮನೆಯಲ್ಲಿ ಇನ್ನೂ ಹೇಳಿಲ್ಲವಂತೆ. ಸೋಮವಾರ ಸರ್ಕಾರಿ ಆಸ್ಪತ್ರೆಯಲ್ಲಿ ಅದೇ ಸರ್ಜನ್ ಸಿಗುತ್ತಾರೆ. ಅವತ್ತು ಅಂಗಡಿ ಮಧ್ಯಾಹ್ನ ತೆಗೆಯುತ್ತೇನೆ ಅಂತ ಬೋರ್ಡು ಬರೆದಿಟ್ಟಿದ್ದೇನೆ. ಬೆಳಗ್ಗೆ ಒಂಬತ್ತಕ್ಕೆ ಇಬ್ಬರೂ ಹೋಗುತ್ತಿದ್ದೇವೆ.